ಎಬಿಸಿ ತ್ರಿಭುಜ ಮತ್ತು ಮುಚ್ಚಿದ ಅಂಗೈ

ಎರಡು ವರ್ಷದ ಹಿಂದಿನ ಒಂದು ಉತ್ತರಪತ್ರಿಕೆ ಇನ್ನೂ ನನ್ನ ಟೇಬಲ್ಲಿನ ಖಾನೆಯಲ್ಲಿದೆ. ಹತ್ತನೇ ತರಗತಿಯ ಹುಡುಗನದು. ಥೇಲ್ಸ್ ಪ್ರಮೇಯ ಸಾಧಿಸಲು ಕೇಳಿದ್ದೆ; ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಪ್ರಮಾಣದಲ್ಲಿ ಭಾಗಿಸುತ್ತದೆ ಎಂಬುದು ಅದು. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕೂ ಶೀರ್ಷಿಕೆಗಳ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದಿದ್ದಾನೆ. ಅಕ್ಷರ ಮುತ್ತಿನಂತಿವೆ. ಒಂದು ಸಾಲೂ ತಪ್ಪಿಲ್ಲ. ಆದರೆ ಪ್ರಶ್ನೆಯಲ್ಲಿ ನಾನು ಕೊಟ್ಟಿದ್ದು ಪಿಕ್ಯೂಆರ್ ತ್ರಿಭುಜ. ಚಿತ್ರದಲ್ಲಿ ಅವನು ಪಿಕ್ಯೂಆರ್ ಎಂದೇ ಗುರುತು ಹಾಕಿದ್ದಾನೆ. ಸಾಧನೆಯಲ್ಲಿ ಮಾತ್ರ ಮೊದಲಿಂದ ಕೊನೆಯವರೆಗೂ ಎಬಿಸಿ.

ಕರೆದು ಕೇಳಿದೆ. ಹುಡುಗ ಕಣ್ಣು ಕೆಳಗೆ ಹಾಕಲಿಲ್ಲ, ಅಂಜಲೂ ಇಲ್ಲ. "ಅಕ್ಕೋರ, ನೀವು ಎಬಿಸಿದ್ದ ಬಾಯಿಪಾಠ ಮಾಡ್ಸೀರ್ರಿ. ಪಿಕ್ಯೂಆರ್‌ದ್ದು ಮಾಡ್ಸಿಲ್ರಿ."

ಅವನು ಹೇಳಿದ್ದು ಖರೆ. ನಾನೇ ಮಾಡಿಸಿದ್ದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕಕ್ಕೆ 20. ಆ 80ರಲ್ಲಿ ಖಾತ್ರಿಯಾಗಿ ಸಿಗುವಂಥವು ಯಾವುವು ಎಂದು ಹೆಕ್ಕಿ, ನಿಧಾನ ಕಲಿಯುವ ಮಕ್ಕಳಿಗೆ 'ಪಾಸಿಂಗ್ ಪ್ಯಾಕೇಜ್' ಎಂದು ಕೊಡುತ್ತೇವೆ: ಒಂದು ಪ್ರಮೇಯ, ಒಂದು ನಕ್ಷೆ, ಒಂದಿಷ್ಟು ಸೂತ್ರ. ಇದನ್ನು ನಾನು ಹಗುರಾಗಿ ನೋಡುವುದಿಲ್ಲ. ಅವನ ಅಪ್ಪ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದರು. ಹತ್ತನೇತ್ತ ಪಾಸಾದ ಒಂದು ಹಾಳೆ ಆ ಮನೆಗೆ ಏನು ಅನ್ನೋದು ನನಗೆ ಗೊತ್ತು. ಆದರೂ ಆ ಉತ್ತರಪತ್ರಿಕೆ ನೋಡಿದಾಗಲೆಲ್ಲ ಒಂದೇ ಮಾತು ಮನಸ್ಸಿಗೆ ಚುಚ್ಚುತ್ತದೆ. ಆ ಹುಡುಗ ಕಲಿಯಲಿಕ್ಕೆ ಆಗದವನಲ್ಲ. ನಾನು ಅವನ ಮುಂದೆ ಯಾವ ಗುರಿ ಇಟ್ಟಿದ್ದೆನೋ ಅದನ್ನು ಅವನು ಪೂರಾ ಮುಟ್ಟಿದ. ಗುರಿಯೇ ಅಷ್ಟಿತ್ತು.

ನಾನಿರುವುದು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ. ಇಲ್ಲಿಯ ನನ್ನ ಮಕ್ಕಳಲ್ಲಿ ಬಹಳಷ್ಟು ಮಂದಿ ಮಗ್ಗದ ಮನೆಯವರು, ಉಳಿದವರು ಹೊಲದ ಮನೆಯವರು, ಗ್ರಾನೈಟ್ ಕೆಲಸಕ್ಕೆ ಹೋಗುವವರ ಮಕ್ಕಳು. ಗುರಿಯ ವಿಷಯ ನನ್ನನ್ನು ಗಟ್ಟಿಯಾಗಿ ಹಿಡಿದದ್ದು ಮಾತ್ರ ಆ ಹುಡುಗನಿಂದಲ್ಲ, ಮಗ್ಗದ ಮನೆಯ ಒಬ್ಬ ಹುಡುಗಿಯಿಂದ.

ಹೋದ ವರ್ಷ ಅವಳು ಒಂಬತ್ತನೇ ತರಗತಿ. ಪಾಠದ ನಡುವೆ "ಯಾಕ್ರಿ?" ಎಂದು ಕೇಳುವ ಹುಡುಗಿ. ಋಣ ಗುಣಿಸು ಋಣ ಧನ ಅಂದರೆ "ಯಾಕ್ರಿ?" ಅಂತಾಳೆ. ಅಂಥ ಒಂದು ದನಿ ವರ್ಗದಲ್ಲಿದ್ದರೆ ಪಾಠ ಮಾಡುವವರಿಗೆ ಎಷ್ಟು ಜೀವ ಬರುತ್ತದೆ ಎಂಬುದು ಪಾಠ ಮಾಡಿದವರಿಗೇ ಗೊತ್ತು. ಎರಡನೇ ಅವಧಿಯಲ್ಲಿ ಒಂದು ಕಿರುಪರೀಕ್ಷೆ ಮುಗಿದ ಮೇಲೆ ನಾನು ಅಂಕಗಳ ಯಾದಿ ಮಾಡಿ, ಹೆಚ್ಚಿನವರಿಂದ ಕಡಿಮೆಯವರಿಗೆ ಕ್ರಮವಾಗಿ ಹೆಸರು ಬರೆದು, ಗೋಡೆಗೆ ಅಂಟಿಸಿದೆ. ಮಕ್ಕಳಿಗೆ ಹುರುಪು ಬರಲಿ, ಒಬ್ಬರನ್ನು ನೋಡಿ ಒಬ್ಬರು ಓದಲಿ ಎಂಬ ಆಸೆ. 38 ಹೆಸರಲ್ಲಿ ಅವಳದು 31ನೆಯದು.

ಅದಾದ ಮೇಲೆ "ಯಾಕ್ರಿ" ನಿಂತಿತು. ಒಂದೇ ದಿನಕ್ಕೆ ನಿಂತಿದ್ದರೆ ನನಗೆ ಆಗಲೇ ಹೊಳೆಯುತ್ತಿತ್ತೇನೋ. ನಿಧಾನಕ್ಕೆ ನಿಂತಿತು. ಬೆಂಚುಗಳ ನಡುವೆ ನಾನು ಹಾಯ್ದು ಹೋಗುವಾಗ ಅವಳ ಎಡಗೈ ತಾನಾಗಿ ನೋಟ್‌ಬುಕ್ಕಿನ ಮೇಲೆ ಬರುತ್ತಿತ್ತು. ಅಂಗೈ ಪೂರ್ತಿ ಅಗಲಿಸಿ ಲೆಕ್ಕ ಮುಚ್ಚುತ್ತಿದ್ದಳು. "ಬರ್ತೈತೇನವಾ?" ಅಂದರೆ "ಬರ್ತೈತ್ರಿ." ತಿಳೀತೇನು ಅಂದರೆ "ತಿಳೀತ್ರಿ." ಒಮ್ಮೆ ಆ ಕೈ ಮೆಲ್ಲಗೆ ಸರಿಸಿ ನೋಡಿದೆ. ಅಡಿಯಲ್ಲಿ ತಪ್ಪು ಲೆಕ್ಕವೂ ಇರಲಿಲ್ಲ. ಹಲಗೆಯ ಮೇಲಿನ ಪ್ರಶ್ನೆ ಇಳಿಸಿಕೊಂಡು ಅಷ್ಟಕ್ಕೇ ಬಿಟ್ಟಿದ್ದಳು. ಮುಂದೆ ಸಂಜೆಯ ವಿಶೇಷ ತರಗತಿ ತಪ್ಪಿಸತೊಡಗಿದಳು. ತಲಿ ನೂಸತೈತ್ರಿ, ಅವ್ವ ಕರದಾಳ್ರಿ.

ಆ ಬೇಸಿಗೆ ರಜೆಯಲ್ಲಿ ಕಲಿಕೆಯ ಮನೋವಿಜ್ಞಾನದ ಪುಸ್ತಕ, ಬರಹ ಸಿಕ್ಕಷ್ಟು ಓದಿದೆ. ಬಿ.ಎಡ್. ಕಾಲದಲ್ಲಿ ನಾನೂ ಇವನ್ನೆಲ್ಲ ಎಬಿಸಿ ತ್ರಿಭುಜದಂತೆಯೇ ಓದಿದ್ದೆ, ಪರೀಕ್ಷೆಗೆ. ಈ ಸಲ ಕಣ್ಣ ಮುಂದೆ ಒಂದು ಅಂಗೈ ಇತ್ತು.

1988ರಲ್ಲಿ ಎಲೇನ್ ಎಲಿಯಟ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಇಬ್ಬರು ಅಮೆರಿಕದ ಮನೋವಿಜ್ಞಾನಿಗಳು ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ಮಕ್ಕಳ ಮನಸ್ಸಿನಲ್ಲಿ 'ಇದರಿಂದ ಏನೋ ಕಲಿಯುತ್ತೇನೆ' ಎಂಬ ಗುರಿ ಮೂಡುವಂತೆ, ಉಳಿದವರಲ್ಲಿ 'ನನ್ನ ಸಾಮರ್ಥ್ಯವನ್ನು ಯಾರೋ ಅಳೆಯುತ್ತಿದ್ದಾರೆ' ಎಂಬ ಗುರಿ ಮೂಡುವಂತೆ ಮಾಡಿದರು. ಅದರ ಜೊತೆಗೆ, ಈ ಕೆಲಸದಲ್ಲಿ ನೀನು ಜೋರಿದ್ದೀ ಎಂದೋ ಅಷ್ಟಕ್ಕಷ್ಟೇ ಎಂದೋ ಮಕ್ಕಳಿಗೆ ಅನಿಸುವ ಹಾಗೂ ಮಾಡಿದರು. ಆಮೇಲೆ ಕಠಿಣ ಸಮಸ್ಯೆ ಕೊಟ್ಟರು. ಅಳೆಯುತ್ತಿದ್ದಾರೆ ಎಂದುಕೊಂಡ ಮಕ್ಕಳಲ್ಲಿ, ತಾನು ಅಷ್ಟಕ್ಕಷ್ಟೇ ಎಂದು ನಂಬಿದವರು ಎಡವಿದ ಕೂಡಲೇ ಕೈಚೆಲ್ಲಿದರು. ಕಲಿಯುವ ಗುರಿ ಇದ್ದವರಲ್ಲಿ ಹಾಗಾಗಲಿಲ್ಲ. ತಾನು ಜೋರಿಲ್ಲ ಎಂದು ನಂಬಿದ ಮಗು ಕೂಡ ಮತ್ತೊಂದು ದಾರಿ ಹುಡುಕುತ್ತ ಕೂತಿತು.

ಇದನ್ನು ಓದಿ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ನನ್ನ ಯಾದಿ ಒಂದೇ ಹಾಳೆಯಲ್ಲಿ ಎರಡೂ ಕೆಲಸ ಮಾಡಿತ್ತು. ನಿನ್ನನ್ನು ಅಳೆಯುತ್ತಿದ್ದೇವೆ ಅಂದಿತ್ತು, ನೀನು 31ನೆಯವಳು ಅಂತಲೂ ಅಂದಿತ್ತು.

ಆಮೇಲಿನ ಸಂಶೋಧಕರು ಇದನ್ನು ಇನ್ನೂ ಬಿಡಿಸಿ ನೋಡಿದ್ದಾರೆ. ಆಂಡ್ರೂ ಎಲಿಯಟ್ ಮತ್ತು ಹಾಲಿ ಮೆಕ್‌ಗ್ರೆಗರ್ 2001ರಲ್ಲಿ ಗುರಿಗಳನ್ನು ನಾಲ್ಕು ಮನೆ ಮಾಡಿದರು. ನನ್ನ ಮಾತಿನಲ್ಲಿ ಹೇಳಬೇಕೆಂದರೆ, ಕಲಿಯಬೇಕೆಂಬ ಗುರಿ ಒಂದು. ನಾಲ್ಕು ಮಂದಿಗಿಂತ ಮೇಲು ಎಂದು ತೋರಿಸಬೇಕೆಂಬ ಗುರಿ ಇನ್ನೊಂದು. ನಾಲ್ಕು ಮಂದಿ ಮುಂದೆ ಕಡಿಮೆ ಕಾಣಬಾರದೆಂಬ ಗುರಿ ಮೂರನೆಯದು. ಕಲಿತದ್ದು ಕೈತಪ್ಪೀತು, ಕಲಿಯಬೇಕಾದ್ದು ಉಳಿದುಬಿಟ್ಟೀತು ಎಂಬ ಅಂಜಿಕೆಯ ಗುರಿ ನಾಲ್ಕನೆಯದು. ನನಗೆ ಬೆಳಕು ಕಂಡದ್ದು ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರದಲ್ಲಿ. ಹೊರಗಿನಿಂದ ನೋಡಿದರೆ ಎರಡೂ 'ಅಂಕದ ಆಸೆ'ಯೇ. ಒಳಗೆ ಒಂದು ಮುಂದಕ್ಕೆ ನುಗ್ಗುವುದು, ಇನ್ನೊಂದು ಹಿಂದಕ್ಕೆ ಸರಿಯುವುದು. ಮುಂದಕ್ಕೆ ನುಗ್ಗುವವಳಿಗೆ ಪ್ರಶ್ನೆ ಕೇಳಲು ಅಡ್ಡಿಯಿಲ್ಲ. ಕಡಿಮೆ ಕಾಣಬಾರದು ಎನ್ನುವವಳಿಗೆ ಪ್ರಶ್ನೆ ಕೇಳುವುದೇ ದೊಡ್ಡ ಅಪಾಯ, ಕೇಳಿದರೆ ಬರುವುದಿಲ್ಲವೆಂಬುದು ಗೊತ್ತಾಗಿಬಿಡುತ್ತದಲ್ಲ. ಆಕೆಗೆ ಅಂಗೈಯೇ ಗುರಾಣಿ.

ಅಂಕದ ಆಸೆಯೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನನ್ನ ವರ್ಗದಲ್ಲಿ ಇಬ್ಬರು ಗೆಳತಿಯರು ಒಬ್ಬರಿಗೊಬ್ಬರು ಬಿಡದೆ ಓದುತ್ತಾರೆ. ಒಂದು ಅಂಕ ಹಿಂದಾದವಳು ಮರುದಿನ ಮುಂಜಾನೆ ಹೊಸ ಲೆಕ್ಕ ಹಿಡಿದು ಸ್ಟಾಫ್ ರೂಮಿನ ಬಾಗಿಲಿಗೆ ಬಂದಿರುತ್ತಾಳೆ. ಜೂಡಿತ್ ಹರಾಕ್ವಿಚ್ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಕಂಡದ್ದೂ ಹೀಗೇ ಇದೆ. ಬೇರೆಯವರಿಗಿಂತ ಮುಂದಾಗಬೇಕೆಂಬ ಗುರಿ ಇದ್ದವರಿಗೆ ಗ್ರೇಡು ಚೆನ್ನಾಗಿ ಬಂದಿತ್ತು, ಕಲಿಯಬೇಕೆಂಬ ಗುರಿ ಇದ್ದವರಲ್ಲಿ ಆ ವಿಷಯದ ಮೇಲಿನ ಪ್ರೀತಿ ಉಳಿದಿತ್ತು. ಎರಡೂ ಬೇಕಾದವೇ. ಆದರೆ ಆ ಗೆಳತಿಯರು ಯಾದಿಯ ಮೇಲ್ತುದಿಯವರು. ಸ್ಪರ್ಧೆಯಿಂದ ಮಕ್ಕಳು ಮೇಲೇರುತ್ತಾರೆ ಎಂದು ಹೇಳುವವರು ಯಾವಾಗಲೂ ಯಾದಿಯ ಮೇಲಿನ ಐದು ಹೆಸರು ನೋಡಿ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತ ಬಂದಿದ್ದೆ. ಉಳಿದ 33 ಮಕ್ಕಳ ಲೆಕ್ಕ ಯಾರು ಇಡಬೇಕು?

ಶಾಲೆ ಶುರುವಾಗುವ ವಾರ ಮೊದಲು ಆ ಹುಡುಗಿಯ ಮನೆಗೆ ಹೋದೆ. ಒಳಗೆ ಕುಣಿಮಗ್ಗ. ಅವಳ ಅವ್ವ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು. ಹುಡುಗಿ ಬಾಗಿಲ ಬೆಳಕಿಗೆ ಮುಖ ಮಾಡಿ ಎಳೆ ಜೋಡಿಸುತ್ತಿದ್ದಳು. ಇಳಕಲ್ಲ ಸೀರೆಯ ವಿಶೇಷವೇ ಈ ಜೋಡಣೆ. ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸಿದ ಎಳೆಗಳು, ಬೇರೆ; ಸೆರಗಿನ ರೇಷ್ಮೆ ಹಾಸು ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಎಳೆ ಪೋಣಿಸಿ ಎರಡನ್ನೂ ಕೂಡಿಸಬೇಕು. ಟೋಪ್ ತೆನಿ ಎನ್ನುತ್ತಾರೆ. ಹೀಗಾಗಿ ಒಂದೊಂದು ಸೀರೆಗೂ ಬೇರೆಯೇ ಹಾಸು ಸಿದ್ಧಮಾಡಬೇಕು. ಆ ಹುಡುಗಿಯ ಬೆರಳು ನೋಡುತ್ತ ನಿಂತೆ. ಎಳೆ ಹಿಡಿ, ಕುಣಿಕೆ ಬಿಡಿಸು, ಪೋಣಿಸು, ಜಗ್ಗಿ ನೋಡು. ನಡುವೆ ಒಂದು ತಪ್ಪಿತು. ನಾನು ನೋಡುತ್ತಿದ್ದೇನೆ ಎಂದು ಗೊತ್ತಿದ್ದೂ ಅವಳು ಕೈ ಮುಚ್ಚಲಿಲ್ಲ. ಬಿಚ್ಚಿ ಮತ್ತೆ ಪೋಣಿಸಿದಳು. "ಹಿಂದಿಂದು ಬಿಟ್ಟಿದ್ದೆ ನೋಡ್ರಿ" ಎಂದು ನನಗೇ ತೋರಿಸಿದಳು.

ಅದೇ ಕೈ. ವರ್ಗದಲ್ಲಿ ಲೆಕ್ಕ ಮುಚ್ಚಿಕೊಂಡಿದ್ದ ಅದೇ ಎಡಗೈ.

ಚಹಾ ಕುಡಿಯುತ್ತ ಅವಳ ಅವ್ವನನ್ನು ಕೇಳಿದೆ, ಇಷ್ಟು ಉದ್ದ ಸೀರೆ ಮುಗಿಸೂತನಕ ಬ್ಯಾಸರ ಆಗೂದಿಲ್ಲೇನ್ರಿ ಎಂದು. ಅವರು ಲಾಳಿಯೊಳಗಿನ ಕಂಡಿಕೆ ತೆಗೆದು ತೋರಿಸಿದರು. ನೂಲು ಸುತ್ತಿದ ಬೆರಳುದ್ದದ ಕಡ್ಡಿ. "ಸೀರಿ ನೆನಸಿ ಕುಂತ್ರ ಕೈ ಏಳೂದಿಲ್ರಿ ಅಕ್ಕೋರ. ಈ ಕಂಡಿಕಿ ಮುಗೀಲಿ ಅಂತ ಕುಂದರ್ತೀನಿ. ಮುಗದ ಮ್ಯಾಲೆ ಇನ್ನೊಂದು."

ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಎಂಬ ಮನೋವಿಜ್ಞಾನಿಗಳು 1981ರಲ್ಲಿ ತೋರಿಸಿದ್ದು ಇದನ್ನೇ. ಗಣಿತವೆಂದರೆ ದೂರ ಓಡುತ್ತಿದ್ದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಳೆಯುವ ಲೆಕ್ಕದ 42 ಪುಟ ಕೊಟ್ಟರು, ಏಳು ಕೂಟಗಳಲ್ಲಿ ಮಾಡಲು. ಒಂದು ಗುಂಪಿಗೆ ಪ್ರತಿ ಕೂಟದಲ್ಲಿ ಆರು ಪುಟದ ಗುರಿ ಇಟ್ಟುಕೊಳ್ಳಿರಿ ಎಂದರು. ಇನ್ನೊಂದು ಗುಂಪಿಗೆ ಕೊನೆಯ ಕೂಟದ ಹೊತ್ತಿಗೆ 42 ಪುಟವೂ ಮುಗಿಯುವ ಗುರಿ. ಮತ್ತೊಂದು ಗುಂಪಿಗೆ ಗುರಿಯ ಮಾತೇ ಆಡಲಿಲ್ಲ. ಆರಾರು ಪುಟದ ಮಕ್ಕಳು ಬಹಳ ಮುಂದೆ ಹೋದರು. ಲೆಕ್ಕ ಕಲಿತದ್ದಷ್ಟೇ ಅಲ್ಲ, ನನಗೆ ಬರುತ್ತದೆ ಎಂಬ ಧೈರ್ಯ ಬಂತು, ಮೊದಲು ಇಷ್ಟವೇ ಇರದ ಲೆಕ್ಕದ ಮೇಲೆ ಮನಸ್ಸೂ ಬಂತು. ದೂರದ ಗುರಿಯಿಂದ ಲೆಕ್ಕಕ್ಕೆ ಹಿಡಿಯುವಂಥ ಲಾಭವೇ ಕಾಣಲಿಲ್ಲ. ಜೂನ್ ತಿಂಗಳಲ್ಲೇ ಹತ್ತನೇ ತರಗತಿಯ ಮಕ್ಕಳ ಮುಂದೆ ನಿಂತು '625ಕ್ಕೆ ಎಷ್ಟು ತೆಗೀತೀರಿ?' ಎಂದು ಕೇಳುವ ನಾವೆಲ್ಲ ಮಾಡುತ್ತಿರುವುದು ಸೀರೆ ನೆನೆಸಿ ಕೂರಿಸುವ ಕೆಲಸ.

ಆ ಜೂನ್‌ನಿಂದ ನಾನು ಯಾದಿ ಅಂಟಿಸುವುದು ಬಿಟ್ಟೆ. ಸಮಾಂತರ ಶ್ರೇಢಿ ಅಧ್ಯಾಯ ಶುರುಮಾಡಿದಾಗ ಇಂದು ಮೊದಲ ಪದ ಮತ್ತು ಸಾಮಾನ್ಯ ವ್ಯತ್ಯಾಸ ಗುರುತಿಸೋದು ಅಷ್ಟೇ, ಸೂತ್ರ ಬೇಡ ಎಂದೆ. ಕಂಡಿಕೆಯ ಮಾತು ಮಕ್ಕಳಿಗೆ ಹೇಳಿದ್ದೆ. ಮಗ್ಗದ ಮನೆಯ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ವಾರ ಕಳೆಯುವುದರೊಳಗೆ "ಇವತ್ತಿನ ಕಂಡಿಕಿ ಯಾವದ್ರಿ ಅಕ್ಕೋರ?" ಎಂದು ಅವರೇ ಕೇಳತೊಡಗಿದರು.

ಕಿರುಪರೀಕ್ಷೆಯ ಹಾಳೆಯ ಮೇಲೆ ಅಂಕ ಬರೆಯದೆ, ಎಲ್ಲಿ ದಾರಿ ತಪ್ಪಿತು, ಮುಂದೆ ಏನು ಮಾಡಬೇಕು ಎಂದಷ್ಟೇ ಬರೆದು ಕೊಡತೊಡಗಿದೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಐದು, ಆರನೇ ತರಗತಿಯ ಮಕ್ಕಳಲ್ಲಿ ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಬರೀ ಅಂಕ, ಇನ್ನು ಕೆಲವರಿಗೆ ಎರಡೂ ಕೊಟ್ಟು ನೋಡಿದ್ದರು. ಬರೀ ಟಿಪ್ಪಣಿ ಸಿಕ್ಕ ಮಕ್ಕಳಲ್ಲಿ ಆಸಕ್ತಿಯೂ ಕೆಲಸವೂ ಎಲ್ಲಕ್ಕಿಂತ ಚೆನ್ನಾಗಿದ್ದವು. ಎರಡೂ ಕೊಟ್ಟರೆ ಇನ್ನೂ ಒಳ್ಳೆಯದಾಗಬೇಕಲ್ಲ ಎಂದು ನನಗೂ ಅನಿಸಿತ್ತು, ಆದರೆ ಅಂಕದ ಪಕ್ಕದಲ್ಲಿ ಬರೆದ ಟಿಪ್ಪಣಿಯಿಂದ ಆ ಲಾಭ ಆಗಿರಲಿಲ್ಲ. ನಾನು ಹತ್ತೊಂಬತ್ತು ವರ್ಷ ಕೆಂಪು ಶಾಯಿಯಲ್ಲಿ ಅಂಕದ ಪಕ್ಕ ಎಷ್ಟು ಟಿಪ್ಪಣಿ ಬರೆದಿದ್ದೇನೆ!

ಸಲೀಸಾಗಿ ಏನೂ ಆಗಲಿಲ್ಲ. ಮೊದಲ ಸಲ ಹಾಳೆ ಕೈಗೆ ಬಂದಾಗ ಮಕ್ಕಳು ಟಿಪ್ಪಣಿ ಓದಲಿಲ್ಲ, ಸರಿ ಗುರುತು ಎಣಿಸಿ ತಾವೇ ಅಂಕ ಹಾಕಿಕೊಂಡರು. ಪಾಲಕರ ಸಭೆಯಲ್ಲಿ ಒಬ್ಬರು "ಎಷ್ಟ ಬಿದ್ದಾವ ಅಂತ ಹೇಳ್ರಿ, ಉಳಿದದ್ದು ನಮಗೇನ ತಿಳೀತೈತಿ" ಎಂದರು. ಅವರಿಗೆ ಸಿಟ್ಟು ಬಂದದ್ದು ಸಹಜ. ಮಗಳು ಹೇಗೆ ಓದುತ್ತಿದ್ದಾಳೆಂದು ತಿಳಿಯಲು ಅವರಿಗೆ ಇದ್ದದ್ದು ಅದೊಂದೇ ಅಂಕಿ. ಅಂಕಗಳನ್ನು ನನ್ನ ರಿಜಿಸ್ಟರಿನಲ್ಲಿ ಇಟ್ಟೆ, ಪಾಲಕರು ಕೇಳಿದರೆ ತೋರಿಸಿದೆ, ಹಾಳೆಯ ಮೇಲೆ ಮಾತ್ರ ಹಾಕಲಿಲ್ಲ. ಮೂರನೇ ಸಲಕ್ಕೆ ಒಬ್ಬ ಹುಡುಗ ಟಿಪ್ಪಣಿ ಹಿಡಿದು ಜಗಳಕ್ಕೆ ಬಂದ, "ನಂದೂ ಸರಿ ಐತ್ರಿ, ದಾರಿ ಬ್ಯಾರೆ ಅಷ್ಟ." ನೋಡಿದೆ. ಸರಿಯೇ ಇತ್ತು. ಆ ದಿನ ಮನೆಗೆ ಹೋಗುವಾಗ ಕಾಲು ನೆಲದ ಮೇಲಿರಲಿಲ್ಲ.

ಪಾಸಿಂಗ್ ಪ್ಯಾಕೇಜ್ ಈಗಲೂ ಇದೆ. ಬಿಡುವ ಧೈರ್ಯ ನನಗಿಲ್ಲ, ಬಿಡಬೇಕೆಂದೂ ಅನಿಸುವುದಿಲ್ಲ. ಆದರೆ ಥೇಲ್ಸ್ ಪ್ರಮೇಯದ ತ್ರಿಭುಜಕ್ಕೆ ದಿನಕ್ಕೊಂದು ಹೆಸರು. ಮಕ್ಕಳು ತಮ್ಮ ಹೆಸರಿನ ಅಕ್ಷರ ಹಾಕುತ್ತಾರೆ, ತಮ್ಮ ಎಮ್ಮೆಯ ಹೆಸರಿನ ಅಕ್ಷರವನ್ನೂ ಹಾಕಿದ್ದಾರೆ. ಅಕ್ಷರ ಬದಲಾದರೆ ಬಾಯಿಪಾಠ ನಡೆಯುವುದಿಲ್ಲ, ಚಿತ್ರದ ಕಡೆ ಕಣ್ಣು ಹೋಗುತ್ತದೆ.

ನಡುವೆ ದಸರಾ ರಜೆಗೆ ವಿಜಯಪುರಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಐದನೇತ್ತ. ಬೆಳಗ್ಗೆ ಶಾಲೆ, ಸಂಜೆ ನವೋದಯ, ಸೈನಿಕ ಶಾಲೆಗಳ ಪ್ರವೇಶ ಪರೀಕ್ಷೆಯ ಕೋಚಿಂಗ್. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ, ಸುತ್ತಲಿನ ಜಿಲ್ಲೆಗಳ ತಂದೆತಾಯಿಗಳಿಗೆ ಅದೊಂದು ದೊಡ್ಡ ಕನಸು. ನವೋದಯದ ಆರನೇ ತರಗತಿಯ ಪರೀಕ್ಷೆಯಲ್ಲಿ 80 ಪ್ರಶ್ನೆ, ಎರಡು ತಾಸು. ಒಂದು ಮಗು ಅದನ್ನು ಒಂದೇ ಸಲ ಬರೆಯಬಹುದು, ಎರಡನೇ ಅವಕಾಶವಿಲ್ಲ. ಹದಿನಾರರ ಮಕ್ಕಳು ಬರೆಯುವ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಬಿದ್ದವರಿಗೆ ಎದ್ದು ನಿಲ್ಲಲು ಜಾಗವಿದೆ. ಹತ್ತು ವರ್ಷದ ಮಗುವಿಗೆ ಒಂದೇ ಸಲ. ಇದು ನನಗೆ ತಲೆಕೆಳಗಾಗಿ ಕಾಣುತ್ತದೆ.

ಅವನನ್ನು ಗೋಲಗುಮ್ಮಟಕ್ಕೆ ಕರಕೊಂಡು ಹೋದೆ. ಗಣಿತ ಕಲಿಸುವವಳಿಗೆ ಅದಕ್ಕಿಂತ ಒಳ್ಳೆಯ ವರ್ಗದ ಕೋಣೆ ಎಲ್ಲಿ ಸಿಕ್ಕೀತು? ಒಳಗೆ ನಿಂತು ಮೇಲೆ ನೋಡಿದರೆ, ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ಹಾಗೆ ಎಂಟು ಕಮಾನುಗಳು ಒಂದನ್ನೊಂದು ದಾಟಿ, ಕೆಳಗಿನ ಚೌಕವನ್ನು ಮೇಲಿನ ವೃತ್ತಕ್ಕೆ ಮುಟ್ಟಿಸುತ್ತವೆ. ನಾಲ್ಕು ಮೂಲೆಯ ಕೋಣೆಯ ಮೇಲೆ ಗುಂಡಗಿನ ಗುಮ್ಮಟ ಹೇಗೆ ಕೂತಿತು ಎಂದು ಅವನನ್ನು ಕೇಳಿದೆ. ಹುಡುಗ ಬಹಳ ಹೊತ್ತು ಮೇಲೆ ನೋಡಿದ. ಬಾಯಿ ತೆರೆದೇ ಇತ್ತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ಚಿಗವ್ವ, ಇದು ಪರೀಕ್ಷಾದಾಗ ಬರ್ತೈತೇನ?"

ನನಗೆ ಉತ್ತರ ಹೊಳೆಯಲಿಲ್ಲ. ಇಲ್ಲ ಅಂದರೆ ಅವನು ನೋಡುವುದು ಬಿಡುತ್ತಾನೆ. ಬರುತ್ತದೆ ಅಂದರೆ ಸುಳ್ಳು.

ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಶಿಶುವಿಹಾರದ ಮಕ್ಕಳಲ್ಲಿ ಕಂಡದ್ದು ಬಸ್ಸಿನಲ್ಲಿ ವಾಪಸು ಬರುವಾಗ ನೆನಪಾಯಿತು. ಬಣ್ಣದ ಪೆನ್ನಿನಿಂದ ಚಿತ್ರ ಬರೆಯುವುದು ಇಷ್ಟವಿದ್ದ ಮಕ್ಕಳಿಗೆ, ಬರೆದರೆ ಬಂಗಾರದ ಮುದ್ರೆಯ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಬರೆಸಿದರು, ಕೊಟ್ಟರು. ವಾರವೊಂದೆರಡು ಕಳೆದ ಮೇಲೆ ಆ ಮಕ್ಕಳು ತಾವಾಗಿ ಪೆನ್ನು ಹಿಡಿಯುವುದು ಕಡಿಮೆಯಾಗಿತ್ತು. ಮೊದಲೇ ಹೇಳದೆ ಪ್ರಮಾಣಪತ್ರ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಬಹುಮಾನ ಕೆಟ್ಟದ್ದಲ್ಲ. ಇದನ್ನು ನಾನು ಯಾಕೆ ಮಾಡುತ್ತಿದ್ದೇನೆ ಎಂದು ಮಗು ತನ್ನನ್ನೇ ಕೇಳಿಕೊಂಡಾಗ ಏನು ಉತ್ತರ ಸಿಗುತ್ತದೋ, ಅದರ ಮೇಲೆ ಎಲ್ಲ ನಿಂತಿದೆ. ಅಕ್ಕನಿಗೆ ಕೋಚಿಂಗ್ ಬಿಡಿಸು ಎಂದು ಹೇಳಲಿಲ್ಲ. ಆದಿತ್ಯವಾರ ಒಂದು ದಿನ ಅವನಿಗೆ ಪರೀಕ್ಷೆಯಲ್ಲಿ ಬಾರದ್ದು ಏನಾದರೂ ಮಾಡಲಿಕ್ಕೆ ಬಿಡು ಎಂದೆ. ಅಕ್ಕ ಹೂಂ ಅಂದಿದ್ದಾಳೆ. ಈಗ ಅವನು ಬಿದಿರ ಕಡ್ಡಿಗೆ ದಾರ ಕಟ್ಟಿ ಗುಮ್ಮಟ ಮಾಡಲು ಕೂತಿದ್ದಾನಂತೆ. ಎರಡು ಸಲ ಬಿದ್ದಿದೆಯಂತೆ.

ಎಸ್ಸೆಸ್ಸೆಲ್ಸಿಗೆ ಈಗ ಮೂರು ವಾರ ಉಳಿದಿದೆ. ಮಗ್ಗದ ಮನೆಯ ಆ ಹುಡುಗಿಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ 'ಇನ್ನೂ ಬರದ್ದು' ಎಂದು ಒಂದು ಯಾದಿ ಇದೆ, ಅವಳೇ ಬರೆದುಕೊಂಡದ್ದು. ಬಂದದ್ದಕ್ಕೆ ಗೀಟು ಹೊಡೆಯುತ್ತಾಳೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳಿಗೆ ಬಿದ್ದ ಅಂಕ ನಾನು ಹೇಳುವಷ್ಟು ದೊಡ್ಡದೇನಲ್ಲ, ಯಾದಿಯಲ್ಲಿ ಇನ್ನೂ ಒಂಬತ್ತು ಉಳಿದಿವೆ.

ನಿನ್ನೆ ಸಂಜೆಯ ತರಗತಿ ಮುಗಿದು ಎಲ್ಲರೂ ಚೀಲ ಹೆಗಲಿಗೇರಿಸಿದ್ದರು. ಅವಳು ನೋಟ್‌ಬುಕ್ ತೆರೆದೇ ಹಿಡಿದು ಬಂದಳು. ತ್ರಿಭುಜ, ನಡುವೆ ಪಾಯಕ್ಕೆ ಸಮಾಂತರವಾದ ಗೆರೆ, ಪಕ್ಕದಲ್ಲಿ ಪ್ರಮೇಯ.

"ಅಕ್ಕೋರ, ಈ ಗೆರಿ ಒಂಚೂರು ಸೊಟ್ಟ ಆತಂದ್ರ?"

"ಆದರ ಏನಾಗತೈತಿ ಅನಸತೈತಿ ನಿನಗ?"

"ಒಂದ ಕಡೆ ಭಾಗ ದೊಡ್ಡದಾಗತೈತ್ರಿ. ಆದ್ರ ಎಷ್ಟ ಅನ್ನೂದು ಗೊತ್ತಾಗವಲ್ದು." ಒಂದು ಕ್ಷಣ ತಡೆದು, "ಯಾಕ್ರಿ ಹಂಗ?" ಎಂದಳು.

ನಾನು ಚೀಲ ಕೆಳಗಿಟ್ಟೆ. ಜವಾನರಿಗೆ ಬಾಗಿಲು ಹಾಕಲು ಇನ್ನೊಂದು ಅರ್ಧ ತಾಸು ತಡೆಯಿರಿ ಎಂದು ಕೇಳಿಕೊಂಡು, ಅವಳ ಕೈಗೆ ಸ್ಕೇಲು ಕೊಟ್ಟೆ. ಅವಳು ಸೊಟ್ಟ ಗೆರೆ ಎಳೆದು ಅಳೆಯತೊಡಗಿದಳು.